ಹೈಸ್ಕೂಲ್ ಮಕ್ಕಳಿಗೆ ಜೀವನ ಕೌಶಲ: ‘ಬೇಡ’ ಅನ್ನುವುದನ್ನು ಯಾವ ಭಾಷೆಯಲ್ಲಿ ಕಲಿಸುವುದು?

ಗಡಿನಾಡ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಟೀಚರ್. ಒಂಬತ್ತನೇ ಕ್ಲಾಸು ನನ್ನದು. ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಾ ಉಂಟು, ನಿಮ್ಮೆಲ್ಲರ ಹತ್ತಿರ ಹೇಳಿಕೊಳ್ಳಬೇಕು.

ಊಟದ ನಂತರದ ಪೀರಿಯಡ್. ಎರಡನೇ ಬೆಂಚಿನ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. “ಎಂತಾಯ್ತು?” ಅಂತ ಕೇಳಿದೆ. “ಸಂಕಟ ಆಗ್ತದೆ ಟೀಚರ್” ಅಂದಳು. ನಾವು ಸಂಕಟ ಅಂದರೆ ಹೊಟ್ಟೆಯದ್ದು ಅಂದುಕೊಳ್ಳುತ್ತೇವೆ, ವಾಂತಿ ಬರುವ ಹಾಗೆ ಆಗುವುದು. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಬೆಂಚಿನಲ್ಲಿ ಮಲಗಿಸಿದೆ. ಶುಂಠಿ ಹಾಕಿದ ಬಿಸಿನೀರು ಕೊಟ್ಟೆ. ಮರುದಿನವೂ ಅದೇ ಮಾತು, ಅದೇ ಬಿಸಿನೀರು. ಮೂರನೇ ದಿನ ಮಲಯಾಳ ಟೀಚರ್ ಅಲ್ಲೇ ಕೂತಿದ್ದರು. “ಅವಳ ಮನೆಯಲ್ಲಿ ಮಲಯಾಳ ಅಲ್ವಾ? ಅವಳು ಹೊಟ್ಟೆಯ ವಿಷಯ ಹೇಳುತ್ತಿಲ್ಲ. ಮಲಯಾಳದಲ್ಲಿ ಸಂಕಟ ಅಂದರೆ ದುಃಖ” ಅಂದರು.

ಮೂರು ದಿನ ಆ ಮಗು ನನಗೆ ದುಃಖ ಆಗ್ತಾ ಉಂಟು ಅಂತ ನನ್ನ ಮುಖ ನೋಡಿಯೇ ಹೇಳಿದೆ. ನಾನು ಬಿಸಿನೀರು ಕೊಟ್ಟು ಕಳಿಸಿದ್ದೇನೆ.

ಅದೇ ವಾರ ನಾನು ಬೋರ್ಡಿನಲ್ಲಿ ಜೀವನ ಕೌಶಲಗಳ ಪಟ್ಟಿ ಬರೆದಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೇಳಿದ ಹತ್ತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಸರಿಯಾಗಿ ಮಾತಾಡುವುದು, ಸಂಬಂಧ ಉಳಿಸಿಕೊಳ್ಳುವುದು, ವಿಮರ್ಶೆ ಮಾಡಿ ಯೋಚಿಸುವುದು, ಹೊಸದಾಗಿ ಯೋಚಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಒತ್ತಡ ತಾಳುವುದು, ಭಾವನೆಗಳನ್ನು ಸಂಭಾಳಿಸುವುದು. ಮಕ್ಕಳು ಚಂದದ ಅಕ್ಷರದಲ್ಲಿ ಬರೆದುಕೊಂಡರು. ಎರಡು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದರು. ಕೇಳಿದರೆ ಹತ್ತನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಅಷ್ಟೇ.

ಆಮೇಲೆ ಒಂದು ದಿನ ಅಭಿನಯ ಮಾಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಹುಡುಗ ಒಬ್ಬ ಪ್ಯಾಕೆಟ್ ಹಿಡಿದು “ಒಂದು ಸಲ ಹಾಕಿ ನೋಡು, ಏನಾಗುವುದಿಲ್ಲ” ಅನ್ನುತ್ತಾನೆ. ನೀನು ಏನು ಹೇಳುತ್ತೀ? ಮುಂದೆ ಬಂದ ಹುಡುಗ ಕೈ ಕಟ್ಟಿ ನಿಂತು, “ಕ್ಷಮಿಸಿ, ನನಗೆ ಇದು ಬೇಡ, ಇದು ಆರೋಗ್ಯಕ್ಕೆ ಹಾನಿಕರ” ಅಂದ. ಇಡೀ ಕ್ಲಾಸು ನಕ್ಕಿತು. ಅವನೂ ನಕ್ಕ. ಆ ಮಾತನ್ನು ಅವನು ಬಸ್ ಸ್ಟ್ಯಾಂಡಿನಲ್ಲಿ ಯಾವತ್ತೂ ಹೇಳುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. “ಮನೆಯಲ್ಲಿ ಮಾತಾಡುವ ಹಾಗೆ ಹೇಳು” ಅಂದೆ. ಒಂದು ನಿಮಿಷ ಸುಮ್ಮನೆ ನಿಂತ. ಆಮೇಲೆ ಭುಜ ಹಿಂದೆ ಹಾಕಿ ಹೇಳಿದ: “ಯೆಂಕ್ ಬೊಡ್ಚಿ. ಏನ್ ಪೋಪೆ.” ನನಗೆ ಬೇಡ, ನಾನು ಹೋಗುತ್ತೇನೆ. ತುಳುವಿನಲ್ಲಿ ಹೇಳಿದಾಗ ಅವನ ದನಿಯೇ ಬೇರೆ. ಯಾರೂ ನಗಲಿಲ್ಲ.

ನಮ್ಮದು ಸಪ್ತಭಾಷೆಗಳ ನಾಡು ಅಂತ ವೇದಿಕೆಯಲ್ಲಿ ಹೇಳುತ್ತೇವೆ. ನನ್ನ ಕ್ಲಾಸಿನಲ್ಲೇ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಮನೆಯ ಮಕ್ಕಳು ಇದ್ದಾರೆ. ಪಾಠದ ಕನ್ನಡದಲ್ಲಿ ಲೆಕ್ಕ, ವಿಜ್ಞಾನ ಕಲಿಸಬಹುದು. ಆದರೆ ಸಿಟ್ಟು, ಹೆದರಿಕೆ, ನಾಚಿಕೆ, ‘ಬೇಡ’ ಅನ್ನುವ ಧೈರ್ಯ, ಇವು ಪಾಠದ ಭಾಷೆಯಲ್ಲಿ ಬರುತ್ತವಾ? ನಿಮ್ಮ ಅನುಭವ ಹೇಳಿ.

ನಿವೃತ್ತ ಮಾಷ್ಟ್ರು, ಬದಿಯಡ್ಕ ಕಡೆ

ಟೀಚರೇ, ನಿಮ್ಮ ಶುಂಠಿ ನೀರಿನ ವಿಷಯ ಓದಿ ನನಗೆ ನನ್ನ ಮೂವತ್ತು ವರ್ಷದ ಕೆಲಸ ನೆನಪಾಯಿತು. ಎಷ್ಟು ಮಕ್ಕಳ ಮಾತು ನನಗೆ ಅರ್ಥ ಆಗದೆ ಹೋಯಿತೋ.

ಆದರೂ ಒಂದು ಮಾತು. ಮೊದಲು ಇದನ್ನು ಕಲಿಸಲಿಕ್ಕೆ ಪೀರಿಯಡ್ ಬೇಕಾಗಿರಲಿಲ್ಲ. ರಾತ್ರಿ ಅಡಿಕೆ ಸುಲಿಯಲಿಕ್ಕೆ ಹತ್ತು ಜನ ಅಂಗಳದಲ್ಲಿ ಕೂರುತ್ತಿದ್ದರು. ಅಜ್ಜಿ, ಚಿಕ್ಕಮ್ಮ, ಆಳುಮಕ್ಕಳು, ನಾವು ಹುಡುಗರು. ಕೈ ಕೆಲಸದಲ್ಲಿ, ಬಾಯಿ ಮಾತಿನಲ್ಲಿ. ಯಾರ ಮನೆಯ ಮಗ ಕುಡಿದು ಹಾಳಾದ, ಯಾವ ಹುಡುಗಿ ಗಂಡನ ಮನೆಯಲ್ಲಿ ಹೇಗೆ ಜಗಳ ಬಿಡಿಸಿದಳು, ಎಲ್ಲ ಕಿವಿಗೆ ಬೀಳುತ್ತಿತ್ತು. ಯಾರೂ ಉಪದೇಶ ಮಾಡುತ್ತಿರಲಿಲ್ಲ. ಕೇಳಿಕೊಂಡೇ ನಾವು ದೊಡ್ಡವರಾದೆವು.

ಆ ಅಂಗಳದಲ್ಲಿ ಎಲ್ಲವೂ ಚಂದ ಇತ್ತು ಅಂತ ಮಾತ್ರ ನಾನು ಹೇಳುವುದಿಲ್ಲ. ಹುಡುಗಿಯರು ಬಾಯಿ ಬಿಡುವ ಹಾಗಿರಲಿಲ್ಲ. ಕೆಳಜಾತಿಯ ಮಕ್ಕಳು ಅಂಗಳದ ಅಂಚಿನಲ್ಲಿ ಕೂರಬೇಕಿತ್ತು. ಶಾಲೆಯಲ್ಲಾದರೆ ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹಾಗಾಗಿ ಶಾಲೆಯಲ್ಲಿ ಇದು ಆಗಬೇಕು ಅನ್ನುವುದು ಸರಿಯೇ.

ನನ್ನ ಬೇಡಿಕೆ ಒಂದೇ. ಇದಕ್ಕೆ ಮಾರ್ಕು ಇಡಬೇಡಿ. ಮಾರ್ಕು ಬಂದ ದಿನ ಮಕ್ಕಳು ನಮಗೆ ಬೇಕಾದ ಉತ್ತರ ಬರೆಯುತ್ತಾರೆ, ತಮ್ಮ ಮನಸ್ಸಿನಲ್ಲಿರುವುದನ್ನು ಅಲ್ಲ.

ಆಟೋ ಅಪ್ಪ

ನಾನು ಜಾಸ್ತಿ ಓದಿದವನಲ್ಲ, ಆಟೋ ಓಡಿಸುತ್ತೇನೆ. ಮಗ ಹತ್ತನೇ ಕ್ಲಾಸು. ಟೀಚರೇ, ಬೇಜಾರು ಮಾಡಬೇಡಿ, ನೇರ ಕೇಳುತ್ತೇನೆ. ಎಸ್‌ಎಸ್‌ಎಲ್‌ಸಿ ವರ್ಷ. ಲೆಕ್ಕಕ್ಕೆ, ಇಂಗ್ಲಿಷಿಗೆ ಟೈಮ್ ಸಾಕಾಗುವುದಿಲ್ಲ. ಇದರ ನಡುವೆ ನಾಟಕ, ಆಟ ಯಾಕೆ? ಒಳ್ಳೆಯದು ಕೆಟ್ಟದ್ದು ನಾವು ಮನೆಯಲ್ಲಿ ಹೇಳಿಕೊಡುತ್ತೇವೆ ಅಲ್ವಾ?

ಗಡಿನಾಡ ಟೀಚರ್

ಬೇಜಾರು ಯಾಕೆ ಅಣ್ಣ, ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ ಬರುತ್ತದೆ.

ಒಂದು ಸಣ್ಣ ವಿಷಯ ಹೇಳುತ್ತೇನೆ. ಕ್ಲಾಸಿನ ಮೂಲೆಯಲ್ಲಿ ಒಂದು ಬಿಸ್ಕೆಟ್ ಡಬ್ಬಿ ಇಟ್ಟಿದ್ದೇನೆ. ಮುಚ್ಚಳಕ್ಕೆ ಚೀಟಿ ಹೋಗುವಷ್ಟು ಸೀಳು. ಹೆಸರು ಬರೆಯದೆ ಏನು ಬೇಕಾದರೂ ಕೇಳಬಹುದು. ಮೊದಲ ವಾರ ಬರೀ ತಮಾಷೆಯ ಚೀಟಿಗಳು. ಎರಡನೇ ವಾರ ಒಂದು ಬಂತು, ಪೆನ್ಸಿಲಿನಲ್ಲಿ ಬರೆದದ್ದು: “ನನ್ನನ್ನು ಎಲ್ಲರೂ ಕರಿಯ ಅಂತ ಕರೆಯುತ್ತಾರೆ. ನಾನೂ ನಗುತ್ತೇನೆ. ನಗದೆ ಇರುವುದು ಹೇಗೆ?”

ಆ ಚೀಟಿ ನನ್ನ ಡೈರಿಯಲ್ಲಿ ಈಗಲೂ ಉಂಟು. ಬರೆದದ್ದು ಯಾರು ಅಂತ ನಾನು ಹುಡುಕಲಿಲ್ಲ. ಆದರೆ ಯೋಚನೆ ಮಾಡಿ. ಆ ಮಗು ದಿನವೂ ಲೆಕ್ಕದ ಕ್ಲಾಸಿನಲ್ಲಿ ಕೂರುತ್ತದೆ. ಇಂಟರ್‌ವೆಲ್ಲಿನಲ್ಲಿ ಯಾರು ಕರೆಯುತ್ತಾರೋ, ಹೇಗೆ ನಗಬೇಕೋ ಅನ್ನುವ ಲೆಕ್ಕವೇ ಅದರ ತಲೆಯಲ್ಲಿ ಓಡುತ್ತಿರುತ್ತದೆ. ನಮ್ಮ ಬೀಜಗಣಿತ ಎಲ್ಲಿ ಇಳಿಯಬೇಕು?

ಮನೆಯಲ್ಲಿ ನೀವು ಹೇಳಿಕೊಡುತ್ತೀರಿ, ಸರಿ. ಆದರೆ ಈ ಪ್ರಶ್ನೆಯನ್ನು ಅದು ಮನೆಯಲ್ಲಿ ಕೇಳಿರಲಿಕ್ಕಿಲ್ಲ. ಅಪ್ಪನಿಗೆ ನೋವಾಗುತ್ತದೆ ಅಂತ ಸುಮ್ಮನೆ ಇದ್ದಿರಬಹುದು.

ವಿಟ್ಲದ ಮೇಡಂ

ನಾನು ಗಡಿಯ ಈಚೆ, ದಕ್ಷಿಣ ಕನ್ನಡದಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಕಡೆಯ ಅನುಭವವನ್ನೂ ಹೇಳುತ್ತೇನೆ.

ಬೆಂಗಳೂರಿನ ನಿಮ್ಹಾನ್ಸ್‌ನವರು ಹೈಸ್ಕೂಲ್ ಮಕ್ಕಳಿಗೆ ಜೀವನ ಕೌಶಲ ಕಲಿಸುವ ಒಂದು ಕ್ರಮವನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಅದರಲ್ಲಿ ನನಗೆ ಇಷ್ಟವಾದದ್ದು, ಹೊರಗಿನಿಂದ ತಜ್ಞರು ಬಂದು ಒಂದು ದಿನ ಭಾಷಣ ಮಾಡಿ ಹೋಗುವುದಿಲ್ಲ. ಕ್ಲಾಸ್ ಟೀಚರಿಗೇ ತರಬೇತಿ. ಟೀಚರ್ ಪಾಠ ಹೇಳುವುದಿಲ್ಲ, ಒಂದು ಸನ್ನಿವೇಶ ಕೊಡುತ್ತಾರೆ. ಮಕ್ಕಳು ಸಣ್ಣ ಗುಂಪುಗಳಲ್ಲಿ ಕೂತು ಮಾತಾಡುತ್ತಾರೆ, ಅಭಿನಯ ಮಾಡುತ್ತಾರೆ, ಆಮೇಲೆ ಎಲ್ಲರೆದುರು ಹೇಳುತ್ತಾರೆ. ಟೀಚರ್ ಕೊನೆಯಲ್ಲಿ ನಾಲ್ಕು ಮಾತು ಸೇರಿಸುತ್ತಾರೆ ಅಷ್ಟೇ.

ಇದರಿಂದ ಪ್ರಯೋಜನ ಆಯಿತಾ ಅಂತ ಅವರೇ ನೋಡಿದರು. ಒಂದು ವರ್ಷ ಈ ಕಾರ್ಯಕ್ರಮದಲ್ಲಿದ್ದ 605 ಮಕ್ಕಳನ್ನು, ಹತ್ತಿರದ ಬೇರೆ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿದರು. 2010ರಲ್ಲಿ ಅದು ಪ್ರಕಟವಾಯಿತು. ಕಾರ್ಯಕ್ರಮದಲ್ಲಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಗೌರವ ಜಾಸ್ತಿ ಇತ್ತು. ಕಷ್ಟ ಬಂದರೆ ನಿಭಾಯಿಸಬಲ್ಲೆ ಅನ್ನುವ ಭಾವನೆ ಜಾಸ್ತಿ ಇತ್ತು. ಶಾಲೆಯಲ್ಲಿ, ಟೀಚರ್‌ಗಳ ಜೊತೆ ಹೊಂದಾಣಿಕೆಯೂ ಚೆನ್ನಾಗಿತ್ತು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ, ಗೆಳೆಯರ ಜೊತೆಗಿನ ಹೊಂದಾಣಿಕೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ನಾನು ಯಾವಾಗಲೂ ಈ ಕೊನೆಯ ಮಾತನ್ನೇ ಯೋಚಿಸುತ್ತಿರುತ್ತೇನೆ. ಶಾಲೆಯಲ್ಲಿ ಕಲಿತದ್ದು ಶಾಲೆಯ ಗೇಟು ದಾಟಲಿಲ್ಲ ಅಂತ ಆಯಿತಲ್ವಾ? ಅದಕ್ಕೆ ಕಾರಣ ಬೇರೆ ಬೇರೆ ಇರಬಹುದು. ಆದರೆ ಗಡಿನಾಡ ಟೀಚರ್ ಬರೆದದ್ದು ಓದಿದ ಮೇಲೆ ನನಗೆ ಅನಿಸಿತು, ನಮ್ಮ ಕಡೆಯಲ್ಲಿ ಭಾಷೆಯೂ ಒಂದು ಗೇಟು ಆಗಿರಬಹುದು. ಕ್ಲಾಸಿನಲ್ಲಿ ಪುಸ್ತಕದ ಕನ್ನಡ. ಮನೆಯಲ್ಲಿ, ಗೆಳೆಯರ ಜೊತೆ ತುಳು. ಯಾವುದನ್ನು ತುಳುವಿನಲ್ಲಿ ಅಭ್ಯಾಸ ಮಾಡಿಲ್ಲವೋ ಅದು ತುಳುವಿನಲ್ಲಿ ಬಾಯಿಗೆ ಬರುವುದು ಹೇಗೆ?

ಉಪ್ಪಳದ ಅಮ್ಮ

ನನಗೆ ಇಬ್ಬರು ಮಕ್ಕಳು. ಮಗ ಹತ್ತನೇ ಕ್ಲಾಸು, ಮಗಳು ಎಂಟನೇ ಕ್ಲಾಸು. ಅವರ ಅಪ್ಪ ಗಲ್ಫಿನಲ್ಲಿ. ನಮ್ಮ ಕೇರಿಯಲ್ಲಿ ಎಷ್ಟೋ ಮನೆ ಹೀಗೆಯೇ. ರಾತ್ರಿ ಒಂಬತ್ತೂವರೆಗೆ ವಿಡಿಯೋ ಕಾಲ್ ಬರುತ್ತದೆ. “ಊಟ ಆಯ್ತಾ, ಓದಿದ್ರಾ, ಅಮ್ಮನ ಮಾತು ಕೇಳಿ.” ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಮಕ್ಕಳ ಗಲಾಟೆ, ಹಟ, ಅಳು ಎಲ್ಲ ನನ್ನ ಪಾಲಿಗೆ.

ಈ ವರ್ಷ ಮಗನಿಗೆ ಸ್ಕೂಟರ್ ಹುಚ್ಚು. ಹದಿನೈದು ವರ್ಷ. ನನ್ನ ತಮ್ಮನ ಸ್ಕೂಟರ್ ಮನೆಯಲ್ಲೇ ಇರುತ್ತದೆ. “ಎಲ್ಲರೂ ಓಡಿಸ್ತಾರೆ, ಪೇಟೆಗೆ ಹೋಗುವುದಿಲ್ಲ, ಗುಡ್ಡೆಯ ರಸ್ತೆಯಲ್ಲಿ ಮಾತ್ರ” ಅಂತ ಜಗಳ. ನಾನು ಬೇಡ ಅಂದರೆ ಬಾಗಿಲು ಬಡಿದು ಹೋಗುತ್ತಾನೆ. ಅವನ ಅಪ್ಪ ಫೋನಿನಲ್ಲಿ ಗದರಿಸಿದರು, ಅದೂ ಪ್ರಯೋಜನ ಆಗಲಿಲ್ಲ.

ಅವನ ಶಾಲೆಯ ಒಬ್ಬರು ಸರ್ ಇದನ್ನೇ ಕ್ಲಾಸಿನಲ್ಲಿ ಇಟ್ಟರಂತೆ. ಯಾರ ಹೆಸರೂ ಹೇಳದೆ, ‘ಒಬ್ಬ ಹುಡುಗನಿಗೆ ಮಾವ ಕೀ ಕೊಟ್ಟ’ ಅಂತ ಶುರು ಮಾಡಿ, ಯಾರಿಗೆ ಏನೇನಾಗಬಹುದು ಬರೆಯಿರಿ ಅಂದರಂತೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ. ಹದಿನೆಂಟು ಆಗದ ಮಕ್ಕಳು ಗಾಡಿ ಓಡಿಸಿ ತಪ್ಪಾದರೆ ಕೇಸು ಗಾಡಿ ಕೊಟ್ಟವರ ಮೇಲೆ, ಅಪ್ಪ ಅಮ್ಮನ ಮೇಲೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಸರ್ ಹೇಳಲಿಲ್ಲವಂತೆ, ಮಕ್ಕಳ ಹತ್ತಿರವೇ ಹುಡುಕಿಸಿದರು.

ಅವತ್ತು ಮನೆಗೆ ಬಂದು ಮಗ ಕೇಳಿದ ಮೊದಲ ಪ್ರಶ್ನೆ, “ಅಮ್ಮ, ಅಪ್ಪ ಅಲ್ಲಿ, ಮಾವನ ಗಾಡಿ. ಕೇಸ್ ಆದರೆ ಜೈಲಿಗೆ ನೀನು ಹೋಗಬೇಕಾ?” ನಾನು ಅಷ್ಟು ಸಲ ಬೇಡ ಬೇಡ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ತಾನೇ ಕೂತು ಯೋಚನೆ ಮಾಡಿದ ಮೇಲೆ ಬಿತ್ತು. ಆಸೆ ಹೋಗಿಲ್ಲ, ಈಗಲೂ ಸ್ಕೂಟರ್ ಒರೆಸುತ್ತಾ ಕೂರುತ್ತಾನೆ. ಕೀ ಕೇಳುವುದು ಬಿಟ್ಟಿದ್ದಾನೆ.

ಆಟೋ ಅಣ್ಣ, ಹಾಗಾಗಿ ನಾನು ಹೇಳುವುದು, ಶಾಲೆಯಲ್ಲೂ ಬೇಕು.

ಕೌನ್ಸಿಲರ್ ಅಕ್ಕ

ನಾನು ಕಾಸರಗೋಡಿನವಳೇ, ಶಾಲೆಗಳಲ್ಲಿ ಮಕ್ಕಳ ಕೌನ್ಸಿಲಿಂಗ್ ಕೆಲಸ ಮಾಡುತ್ತೇನೆ. ಈ ಚರ್ಚೆ ಓದಿ ತುಂಬಾ ಸಂತೋಷವಾಯಿತು.

ಮೊದಲು ಆ ಸ್ಕೂಟರ್ ವಿಷಯ. ಹದಿಹರೆಯದ ಮೆದುಳಿನಲ್ಲಿ ಮಜಾ ಬೇಕು, ಹೊಸದು ಬೇಕು ಅನ್ನುವ ಭಾಗ ಬೇಗ ಚುರುಕಾಗುತ್ತದೆ. ತಡೆದು ಯೋಚಿಸುವ ಭಾಗ, ಹಣೆಯ ಹಿಂದೆ ಇರುವುದು, ಪೂರ್ತಿ ಬೆಳೆಯಲಿಕ್ಕೆ ಇಪ್ಪತ್ತೈದರ ಹತ್ತಿರ ಬೇಕು. ಗೆಳೆಯರು ಜೊತೆಗಿದ್ದರೆ ಅಪಾಯದ ಕಡೆ ಇನ್ನೂ ವಾಲುತ್ತಾರೆ. ಮಕ್ಕಳಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಆ ಕ್ಷಣಕ್ಕೆ ಬೇಕಾದ ಮಾತು, ಬೇಕಾದ ನಡೆ ಕೈಗೆ ಸಿಗುವುದಿಲ್ಲ. ಅದಕ್ಕೇ ಮೊದಲೇ ಅಭ್ಯಾಸ ಮಾಡಿಸಬೇಕು, ಒಂದಲ್ಲ ಹತ್ತು ಸಲ, ಯಕ್ಷಗಾನದ ಹುಡುಗರಿಗೆ ಹೆಜ್ಜೆ ಹಾಕಿಸುವ ಹಾಗೆ.

ಇನ್ನೊಂದು ಮುಖ್ಯ ವಿಷಯ, ಟೀಚರ್‌ಗಳಿಗೆ. ನೀವು ಚೀಟಿ ಡಬ್ಬಿ ಇಟ್ಟರೆ, ಅಭಿನಯ ಮಾಡಿಸಿದರೆ ಒಂದಲ್ಲ ಒಂದು ದಿನ ಒಂದು ಮಗು ದೊಡ್ಡ ವಿಷಯ ಹೇಳುತ್ತದೆ. ಮೈ ಮುಟ್ಟಿದ ವಿಷಯ. “ಟೀಚರ್, ಯಾರಿಗೂ ಹೇಳಬೇಡಿ” ಅನ್ನುತ್ತದೆ. “ಯಾರಿಗೂ ಹೇಳುವುದಿಲ್ಲ” ಅಂತ ಮಾತು ಕೊಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಒಂದು ಅಪರಾಧ. ನಾನು ಮಗುವಿಗೆ ಹೀಗೆ ಹೇಳುತ್ತೇನೆ: “ನೀನು ಹೇಳಿದ್ದು ಒಳ್ಳೆಯದಾಯಿತು. ನಿನ್ನ ತಪ್ಪಿಲ್ಲ. ಇದನ್ನು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ. ಯಾರಿಗೆ, ಯಾವಾಗ ಅಂತ ನಿನಗೂ ಹೇಳುತ್ತೇನೆ.” ಮಾತು ಕೊಟ್ಟು ಮುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಮತ್ತೆ ಆ ಕಾಯ್ದೆಯಲ್ಲಿ ನಮ್ಮ ನಾಡಿಗೆ ತುಂಬಾ ಬೇಕಾದ ಒಂದು ಮಾತು ಉಂಟು. ದೂರು ಬರೆದುಕೊಳ್ಳುವ ಭಾಷೆ ಮಗುವಿಗೆ ಅರ್ಥ ಆಗದಿದ್ದರೆ ಅನುವಾದ ಮಾಡುವವರನ್ನು ಕೊಡಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಹಿತವಾದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆಗ ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು. ರಾತ್ರಿ ಮಗುವನ್ನು ಸ್ಟೇಷನ್ನಿನಲ್ಲಿ ಇಡಬಾರದು. ತುಳು ಮನೆಯ, ಮರಾಠಿ ಮನೆಯ ಮಗು ಮಲಯಾಳದಲ್ಲಿ ಬರೆದ ಕಾಗದ ನೋಡಿ ಹೆದರಬೇಕಾಗಿಲ್ಲ. ಕೇಳುವ ಹಕ್ಕು ಅದಕ್ಕೆ ಉಂಟು. ಇದನ್ನು ಹೆತ್ತವರೂ ತಿಳಿದಿರಬೇಕು.

ನಂಬರ್‌ಗಳನ್ನು ಕ್ಲಾಸಿನ ಗೋಡೆಯಲ್ಲಿ ದೊಡ್ಡದಾಗಿ ಬರೆಸಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಅದು 2022ರಿಂದ ಉಂಟು, ಕನ್ನಡದಲ್ಲಿ ಮಾತಾಡಬಹುದು.

ಡಿಗ್ರಿ ಹುಡುಗಿ

ನಾನು ಪೆರ್ಲ ಕಡೆಯವಳು. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಡಿಗ್ರಿ ಮಾಡುತ್ತಿದ್ದೇನೆ. ವಿದ್ಯಾರ್ಥಿಗಳ ಕಡೆಯಿಂದ ಯಾರೂ ಬರೆಯಲಿಲ್ಲ ಅಂತ ಬರೆಯುತ್ತಿದ್ದೇನೆ.

ನಮಗೆ ಹೈಸ್ಕೂಲಿನಲ್ಲಿ ಜೀವನ ಕೌಶಲ ಅಂದರೆ ಒಂದು ದಿನದ ಕ್ಯಾಂಪ್. ಹೊರಗಿನವರು ಒಬ್ಬರು ಬಂದು ಮಲಯಾಳದಲ್ಲಿ ಮೂರು ಗಂಟೆ ಮಾತಾಡಿದರು. ಒಳ್ಳೆಯವರು, ಚೆನ್ನಾಗಿಯೇ ಮಾತಾಡಿದರು ಅಂತ ಈಗ ಅನಿಸುತ್ತದೆ. ಆದರೆ ನಮ್ಮಲ್ಲಿ ಅರ್ಧ ಜನಕ್ಕೆ ಅರ್ಧ ಮಾತು ಮಾತ್ರ ಅರ್ಥವಾಯಿತು. ಎಲ್ಲರೂ ನಕ್ಕಾಗ ನಾವೂ ನಕ್ಕೆವು. ಮೇಲೆ ಬರೆದ ಆ ಚೀಟಿ ಓದುವಾಗ ನನಗೆ ಅದೇ ನೆನಪಾಯಿತು.

ನನಗೆ ಕಷ್ಟ ಆದದ್ದು ಎಲ್ಲಿ ಗೊತ್ತಾ? ಕಾಲೇಜು ಸೇರಿದ ಮೊದಲ ತಿಂಗಳು. ಆಫೀಸಿನಲ್ಲಿ ಒಂದು ಫಾರ್ಮ್ ತುಂಬಬೇಕಿತ್ತು. ಮಲಯಾಳದಲ್ಲಿತ್ತು. ಕೌಂಟರಿನ ಎದುರು ನಿಂತು, ಇದು ನನಗೆ ಓದಲಿಕ್ಕೆ ಬರುವುದಿಲ್ಲ ಅಂತ ಹೇಳಲಿಕ್ಕೆ ಆಗಲಿಲ್ಲ. ಸಾಲಿನಿಂದ ಹೊರಗೆ ಬಂದು ಬಸ್ ಹತ್ತಿ ಮನೆಗೆ ಬಂದೆ. ಮರುದಿನವೂ ಹಾಗೆಯೇ. ಮೂರನೇ ದಿನ ಒಬ್ಬಳು ಸೀನಿಯರ್ ನನ್ನ ಕೈಯಲ್ಲಿದ್ದ ಫಾರ್ಮ್ ನೋಡಿ, “ಕನ್ನಡವಾ?” ಅಂತ ಕೇಳಿ, ಪಕ್ಕದಲ್ಲಿ ಕೂತು ಒಂದೊಂದೇ ಕಾಲಂ ಹೇಳಿಕೊಟ್ಟಳು. ಕೊನೆ ದಿನಾಂಕಕ್ಕೆ ಒಂದೇ ದಿನ ಉಳಿದಿತ್ತು.

ನನಗೆ ಮಾರ್ಕು ಕಡಿಮೆ ಇರಲಿಲ್ಲ. ಕೇಳಲಿಕ್ಕೆ ಬರಲಿಲ್ಲ, ಅಷ್ಟೇ. ಹಾಗಾಗಿ ಟೀಚರ್, ಬೇಡ ಅನ್ನುವುದನ್ನು ಕಲಿಸುವ ಹಾಗೆಯೇ, “ನನಗೆ ಗೊತ್ತಿಲ್ಲ, ಹೇಳಿಕೊಡಿ” ಅನ್ನುವುದನ್ನೂ ಕಲಿಸಿ. ಅದನ್ನು ಮನೆಯ ಭಾಷೆಯಲ್ಲಿ ಮಾತ್ರ ಕಲಿಸಿದರೆ ಸಾಲದು. ಮಲಯಾಳದಲ್ಲೂ ಕಲಿಸಬೇಕು. ನಾವು ಬದುಕುವುದು ಇಲ್ಲಿ. ಬ್ಯಾಂಕು, ಆಸ್ಪತ್ರೆ, ಪಂಚಾಯತು ಎಲ್ಲ ಕಡೆ ಆ ಭಾಷೆ ಬೇಕು. ಮಲಯಾಳ ಕಲಿತರೆ ಕನ್ನಡ ಬಿಟ್ಟ ಹಾಗೆ ಅಂತ ಯಾರೂ ಅಂದುಕೊಳ್ಳಬಾರದು.

ಗಡಿನಾಡ ಟೀಚರ್

ಮಗಾ, ನೀನು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ನಾನು ಮನಸ್ಸಿನೊಳಗಿನ ಮಾತನ್ನು ಮಾತ್ರ ಯೋಚಿಸುತ್ತಿದ್ದೆ. ಮನೆ ಭಾಷೆಯಲ್ಲಿ ಬೇಡ ಅನ್ನುವುದು, ಕೌಂಟರಿನ ಭಾಷೆಯಲ್ಲಿ ಬೇಕು ಅಂತ ಕೇಳುವುದು, ಎರಡೂ ಬೇಕು. ಬ್ಯಾಂಕಿನ ಚಲನ್, ಆಸ್ಪತ್ರೆಯ ಒ.ಪಿ. ಚೀಟಿ, ಬಸ್ ಪಾಸಿನ ಅರ್ಜಿ ತಂದು ಕ್ಲಾಸಿನಲ್ಲೇ ಕೌಂಟರ್ ಆಟ ಮಾಡಿಸುತ್ತೇನೆ. ಮಲಯಾಳ ಟೀಚರನ್ನು ಕೌಂಟರಿನ ಆಚೆ ಕೂರಿಸುತ್ತೇನೆ.

ಜತ್ತದ ಗುರುಗಳು

ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವ. ನಮ್ಮಲ್ಲೂ ಕನ್ನಡ ಸಾಲಿ ಅದಾವು. ನಿಮ್ಮ ಮಾತು ಓದಿ ನಮ್ಮ ಸಾಲಿನೇ ಕಣ್ಣ ಮುಂದೆ ಬಂತು.

ನಮ್ಮದು ಬರದ ಸೀಮೆ. ಮಳೆಗಾಲ ಮುಗಿದ ಮೇಲೆ ಎಷ್ಟೋ ಮನೆಯವರು ಕಬ್ಬು ಕಡಿಯಲಿಕ್ಕೆ ಕಾರ್ಖಾನೆಗಳ ಕಡೆ ಹೋಗುತ್ತಾರೆ. ಬೇಸಿಗೆಯವರೆಗೆ ಅಲ್ಲೇ. ಎಂಟನೇ, ಒಂಬತ್ತನೇ ಇಯತ್ತೆಯ ಮಕ್ಕಳು ಒಂದೋ ಜೊತೆಗೆ ಹೋಗುತ್ತಾರೆ, ಇಲ್ಲ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹುಡುಗಿ ಬೆಳೆದಳು, ಯಾರ ಹತ್ತಿರ ಬಿಟ್ಟು ಹೋಗುವುದು ಅಂತ ಲಗ್ನ ಮಾಡಿಬಿಡುವುದೂ ಉಂಟು. ಹುಡುಗಿಗೆ 18, ಹುಡುಗನಿಗೆ 21 ಆಗದೆ ಲಗ್ನ ಮಾಡಬಾರದು ಅಂತ 2006ರ ಕಾಯ್ದೆ ಹೇಳುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಹದಿನಾಲ್ಕರ ಹುಡುಗಿ ತನ್ನ ಅಪ್ಪನ ಮುಂದೆ “ನನಗ ಈಗ ಲಗ್ನ ಬ್ಯಾಡ, ನಾ ಓದತೀನಿ” ಅನ್ನಬೇಕಲ್ಲ.

ನಾವು ಕ್ಲಾಸಿನಲ್ಲಿ ಇದನ್ನು ಅಭಿನಯ ಮಾಡಿಸಿದಾಗ ಅಪ್ಪನ ಪಾತ್ರ ಮಾಡಿದ ಹುಡುಗಿ ಹೇಳಿದ ಮಾತು ಕೇಳಿ ನಾನು ಸುಮ್ಮನಾದೆ. “ನೀ ಓದಿ ಮುಗಿಸೋತನಕ ನಾ ಕಬ್ಬಿನಾಗ ಇರತೀನಿ. ನಿನ್ನ ಕಾಯೋರು ಯಾರು?” ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಸ್ಟೆಲ್ ಬೇಕು, ಊರಿನವರು ಬೇಕು. ಮಗು ಮಾತಾಡಲಿಕ್ಕೆ ಕಲಿತರೆ ಸಾಲದು, ಆ ಮಾತು ಕೇಳುವವರೂ ಇರಬೇಕು. ನಾವು ಎಲ್ಲ ಭಾರವನ್ನೂ ಮಕ್ಕಳ ಬಾಯಿ ಮೇಲೆ ಹೊರಿಸಬಾರದು ಅಂತ ನನ್ನ ಕಳಕಳಿ.

ನಿವೃತ್ತ ಮಾಷ್ಟ್ರು, ಬದಿಯಡ್ಕ ಕಡೆ

ಗುರುಗಳೇ, ಎಷ್ಟು ನಿಜ. ನಾವು ಮಕ್ಕಳಿಗೆ ಬೇಡ ಅನ್ನಲಿಕ್ಕೆ ಹೇಳಿಕೊಡುತ್ತೇವೆ. ಅದೇ ಮಗು ನಮಗೇ ‘ಬೇಡ’ ಅಂದರೆ ಅದನ್ನು ಅಧಿಕಪ್ರಸಂಗ ಅನ್ನುತ್ತೇವೆ. ನಾನೂ ಅಂದವನೇ. ಬೆತ್ತ ಹಿಡಿದು ಅಂದವನು. ಆ ಮಕ್ಕಳಲ್ಲಿ ಕೆಲವರು ಈಗ ಪೇಟೆಯಲ್ಲಿ ಸಿಗುತ್ತಾರೆ, ಕಾಲು ಮುಟ್ಟುತ್ತಾರೆ. ನನಗೆ ಮುಜುಗರ ಆಗುತ್ತದೆ. ಟೀಚರ್‌ಗಳ ತರಬೇತಿ ಇಲ್ಲಿಂದ ಶುರುವಾಗಲಿ: ಮಗು ಎದುರು ಮಾತಾಡಿದಾಗ ನಾವು ಮೊದಲ ಹತ್ತು ಸೆಕೆಂಡು ಏನು ಮಾಡುತ್ತೇವೆ?

ಉಪ್ಪಳದ ಅಮ್ಮ

ಮಾಷ್ಟ್ರೇ, ಅಮ್ಮಂದಿರಿಗೂ ಆ ಹತ್ತು ಸೆಕೆಂಡು ಬೇಕು. ನಿನ್ನೆ ಮಗಳು ಮೊಬೈಲ್ ಲಾಕ್ ಬದಲಾಯಿಸಿದ್ದಳು. ಕೇಳಿದರೆ “ನನ್ನ ಗೆಳತಿಯ ವಿಷಯ ಉಂಟು, ನಿನಗೆ ತೋರಿಸುವುದಿಲ್ಲ” ಅಂದಳು. ಕೈ ಎತ್ತಿದವಳು ಹೇಗೋ ಇಳಿಸಿದೆ. ಒಳಗೆ ಹೋಗಿ ಅಕ್ಕಿ ತೊಳೆದು ಬಂದೆ. ಆಮೇಲೆ ಕೇಳಿದೆ, “ಗೆಳತಿಗೆ ಏನಾದರೂ ತೊಂದರೆಯಾ?” ಅರ್ಧ ಗಂಟೆ ಮಾತಾಡಿದಳು. ಒಬ್ಬ ಹುಡುಗ ಫೋಟೋ ಕೇಳುತ್ತಿದ್ದಾನಂತೆ ಆ ಹುಡುಗಿಯ ಹತ್ತಿರ. ನಾಳೆ ನಾನೇ ಆ ಮಗುವಿನ ಅಮ್ಮನನ್ನು ಕಾಣಬೇಕು ಅಂತ ಇದ್ದೇನೆ. ಕೌನ್ಸಿಲರ್ ಅಕ್ಕ, ಹೇಗೆ ಹೇಳುವುದು?

ಕೌನ್ಸಿಲರ್ ಅಕ್ಕ

ಮೊದಲು ನಿಮ್ಮ ಮಗಳಿಗೆ ಹೇಳಿ, ನಾನು ಹೋಗುತ್ತೇನೆ ಅಂತ. ಅವಳಿಗೆ ಗೊತ್ತಿಲ್ಲದೆ ಹೋದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಆ ಅಮ್ಮನಿಗೆ, ನಿಮ್ಮ ಮಗಳು ತಪ್ಪು ಮಾಡಿದ್ದಾಳೆ ಅನ್ನುವ ಹಾಗೆ ಕೇಳಿಸಬಾರದು. “ಯಾರೋ ತೊಂದರೆ ಕೊಡುತ್ತಿದ್ದಾರೆ, ಅವಳು ಒಬ್ಬಳೇ ಹೆದರಿಕೊಂಡಿದ್ದಾಳೆ” ಅಂತ ಶುರು ಮಾಡಿ. ಆ ಹುಡುಗನ ಮೆಸೇಜ್‌ಗಳನ್ನು ಡಿಲೀಟ್ ಮಾಡಬೇಡಿ ಅಂತ ಹೇಳಿ, ಅವು ಮುಂದೆ ಬೇಕಾಗುತ್ತವೆ. ಫೋಟೋ ಹೋಗಿದ್ದರೂ ಹೋಗದಿದ್ದರೂ 1098ಕ್ಕೆ ಕರೆ ಮಾಡಿ, ಶಾಲೆಯ ಕೌನ್ಸಿಲರ್‌ಗೂ ತಿಳಿಸಿ. ನೀವು ಕೈ ಇಳಿಸಿದ್ದರಿಂದಲೇ ಈ ವಿಷಯ ಹೊರಗೆ ಬಂತು ಅಲ್ವಾ?

ವಿಟ್ಲದ ಮೇಡಂ

ಗಡಿನಾಡ ಟೀಚರ್, ಒಂದು ಕೆಲಸ ಒಟ್ಟಿಗೆ ಮಾಡೋಣವಾ? ಬೇಜಾರು, ಹೆದರಿಕೆ, ನಾಚಿಕೆ, ಸಿಟ್ಟು ಇವಕ್ಕೆ ಒಂದೊಂದು ಮನೆಯಲ್ಲಿ ಏನು ಹೇಳುತ್ತಾರೆ ಅಂತ ಮಕ್ಕಳಿಂದಲೇ ಬರೆಸೋಣ. ತುಳುವಿನಲ್ಲಿ ಹೆದರಿಕೆಗೆ ಪೋಡಿಗೆ, ಮಲಯಾಳದಲ್ಲಿ ಪೇಡಿ. ಸಂಕಟದ ಹಾಗೆ ಒಂದೇ ಶಬ್ದ ಎರಡು ಕಡೆ ಬೇರೆ ಅರ್ಥ ಕೊಡುವುದು ಇನ್ನೆಷ್ಟು ಉಂಟೋ. ಹೊಸದಾಗಿ ಬರುವ ಟೀಚರ್‌ಗಳಿಗೆ ಅದು ಕೈಯಲ್ಲಿದ್ದರೆ ಸಾಕು, ಶುಂಠಿ ನೀರಿನ ಹಾಗೆ ಇನ್ನೊಂದು ಸಲ ಆಗುವುದಿಲ್ಲ.

ಗಡಿನಾಡ ಟೀಚರ್

ಖಂಡಿತ ಮಾಡೋಣ ಮೇಡಂ. ಸೋಮವಾರದಿಂದಲೇ ಶುರು. ಒಂದು ಗೋಡೆ ಖಾಲಿ ಮಾಡಿಸಿದ್ದೇನೆ.

ಸಂಕಟ ಅಂದ ಆ ಹುಡುಗಿಯ ಬಗ್ಗೆ ಕೆಲವರು ಬೇರೆಯಾಗಿ ಕೇಳಿದ್ದೀರಿ. ಅವಳ ಮನೆಯ ವಿಷಯ ಇಲ್ಲಿ ಬರೆಯುವುದು ಸರಿಯಲ್ಲ. ಮಲಯಾಳ ಟೀಚರ್ ಮತ್ತು ನಾನು ಇಬ್ಬರೂ ಅವಳ ಜೊತೆ ಕೂತು ಮಾತಾಡಿದೆವು. ಈಗ ಊಟದ ಹೊತ್ತಿಗೆ ಗೆಳತಿಯರ ಜೊತೆ ಕೂರುತ್ತಾಳೆ.

ಕರಿಯ ಅನ್ನುವ ಚೀಟಿಯ ವಿಷಯವನ್ನೂ ಕ್ಲಾಸಿನಲ್ಲಿ ತೆಗೆದುಕೊಂಡೆವು. ಯಾರದ್ದು ಅಂತ ಹೇಳದೆ, ಅಡ್ಡಹೆಸರಿನ ಬಗ್ಗೆ ಗುಂಪಿನಲ್ಲಿ ಮಾತಾಡಿ ಅಂದೆ. ಕರೆಸಿಕೊಂಡವನು ಏನು ಹೇಳಬಹುದು ಅಂತ ಎಲ್ಲರೂ ಯೋಚಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಎದ್ದು, “ಅವನು ಯಾಕೆ ಹೇಳಬೇಕು ಟೀಚರ್? ಪಕ್ಕದಲ್ಲಿ ಕೂತವನು ನಗದೆ ಇದ್ದರೆ ಆಯಿತಲ್ಲ” ಅಂದ. ನಾನು ಅದನ್ನೇ ಬೋರ್ಡಿನಲ್ಲಿ ಬರೆದೆ. ಸಂಜೆ ಒರೆಸಲಿಲ್ಲ.

ಆಟೋ ಅಪ್ಪ

ಎಲ್ಲ ಓದಿದೆ ಟೀಚರೇ. ಮೊದಲು ಬರೆದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ನೀವು ಬಸ್ ಸ್ಟ್ಯಾಂಡಿನ ಅಭಿನಯ ಮಾಡಿಸಿದ್ದೀರಿ ಅಲ್ವಾ? ನಾನು ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಅಲ್ಲೇ ಇರುವವನು. ಕೇರಳದಲ್ಲಿ 2012ರಿಂದ ಗುಟ್ಕಾ ನಿಷೇಧ. ಶಾಲೆಯಿಂದ 100 ಗಜದೊಳಗೆ ಬೀಡಿ ಸಿಗರೇಟು ಮಾರಬಾರದು. ಮಕ್ಕಳಿಗೆ ಅಮಲಿನ ವಸ್ತು, ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಉಂಟು ಅಂತ ನಮ್ಮ ಯೂನಿಯನ್ ಮೀಟಿಂಗಿನಲ್ಲಿ ಒಬ್ಬರು ಪೊಲೀಸರು ಹೇಳಿದ್ದರು. ಆದರೂ ಬರುತ್ತದೆ. ಯಾರು ಬರುತ್ತಾರೆ, ಮಕ್ಕಳ ಹತ್ತಿರ ಮೊದಲು ಹೇಗೆ ಮಾತು ಶುರು ಮಾಡುತ್ತಾರೆ, ನಾವು ನೋಡುತ್ತೇವೆ. “ಒಂದು ಸಲ ಹಾಕಿ ನೋಡು” ಅಂತ ಯಾರೂ ಶುರು ಮಾಡುವುದಿಲ್ಲ ಟೀಚರೇ. ಮೊದಲು ಜ್ಯೂಸ್ ತೆಗೆದುಕೊಡುತ್ತಾರೆ. ಬೈಕಿನಲ್ಲಿ ಮನೆಯ ಹತ್ತಿರ ಬಿಡುತ್ತಾರೆ. ಎರಡು ವಾರ ಬರೀ ಅಣ್ಣನ ಹಾಗೆ ಇರುತ್ತಾರೆ. ನಿಮ್ಮ ಅಭಿನಯ ಅಲ್ಲಿಂದ ಶುರುವಾಗಬೇಕು.

ಗುರುವಾರ ಮಧ್ಯಾಹ್ನ ನನಗೆ ಬಿಡುವು. ಬೇಕಾದರೆ ನಾನು ಬಂದು ಆ ದೊಡ್ಡ ಹುಡುಗನ ಪಾತ್ರ ಮಾಡುತ್ತೇನೆ. ಇನ್ನೂ ಇಬ್ಬರು ಡ್ರೈವರ್‌ಗಳು ಬರುತ್ತೇವೆ ಅಂದಿದ್ದಾರೆ. ಎಷ್ಟು ಗಂಟೆಗೆ ಬರಬೇಕು ಹೇಳಿ.

ಗಡಿನಾಡ ಟೀಚರ್

ಎರಡೂವರೆಗೆ ಬನ್ನಿ ಅಣ್ಣ. ಮೂವರೂ ಬನ್ನಿ. ಎಚ್.ಎಂ. ಹತ್ತಿರ ಇವತ್ತೇ ಹೇಳಿ ಇಡುತ್ತೇನೆ.